ಹೈದರನ ಚರಿತ್ರೆಗಳನ್ನು ಓದುವ ಬಗೆ



ಕೋಲಾರದ ಮಕ್ಬರಾದಲ್ಲಿ ಹೈದರಾಲಿಯ ತಂದೆ ಫತೇ ಮಹಮ್ಮದನ ಸಮಾಧಿಯಿದೆ. 1782ನೆಯ ಡಿಸೆಂಬರ್ 7ರಂದು ಚಿತ್ತೂರಿನ ಬಳಿಯ ಪಾಳೆಯದಲ್ಲಿ ಹೈದರನು ತೀರಿಕೊಂಡಾಗ, ಸುದ್ದಿಯನ್ನು ದಂಡಿಗೆ ತಿಳಿಯಗೊಡದೆ, ಶವವನ್ನು ಖಜಾನೆಯ ಪೆಟ್ಟಿಗೆಯೆಂಬಂತೆ ಸಾಗಿಸಿ ಮೊದಲು ಇರಿಸಿದ್ದು ಇಲ್ಲಿಯೇ. ಶ್ರೀರಂಗಪಟ್ಟಣಕ್ಕೆ ಒಯ್ದದ್ದು ಅನಂತರ. ಅವನು ಹುಟ್ಟಿದ ಬೂದಿಕೋಟೆಯೂ ಈ ಸೀಮೆಯದೇ. ಆದುದರಿಂದಲೋ ಏನೋ, ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಿಂದ ನಮ್ಮ ತರಗತಿಗೆ ಬರುವ ಹುಡುಗರು ಪಠ್ಯವನ್ನು ಮುಗಿಸಗೊಡದೆ ಕೇಳಿಬಿಡುತ್ತಾರೆ: "ಹೈದರನು ಒಳ್ಳೆಯವನೋ ಕೆಟ್ಟವನೋ, ಸಾರ್?"

ಬಹುಕಾಲ ನಾವು ಈ ಪ್ರಶ್ನೆಗೆ ಕರ್ನಲ್ ಮಾರ್ಕ್ ವಿಲ್ಕ್ಸನ ಬಾಯಿಂದಲೇ ಉತ್ತರ ಹೇಳಿಸುತ್ತಿದ್ದೆವು. ಅವನ ಇತಿಹಾಸದ ಮೂರು ಸಂಪುಟಗಳು 1810ರಿಂದ 1817ರೊಳಗೆ ಹೊರಬಂದುವು. ಇಂಗ್ಲಿಷ್ ಓದಿದ ನಮ್ಮಂಥವರಿಗೆ ಅವನ ಗದ್ಯದ ಠೀವಿಯೇ ಸತ್ಯದ ಮುದ್ರೆಯಾಗಿ ಕಂಡಿತ್ತು. ಆದರೆ ವಿಲ್ಕ್ಸನು ಮೈಸೂರಿನಲ್ಲಿ ಕಂಪೆನಿಯ ರೆಸಿಡೆಂಟನ ಸ್ಥಾನದಲ್ಲಿದ್ದವನು. ಸೋತ ಮನೆತನದ ಕಥೆಯನ್ನು ಗೆದ್ದ ಪಕ್ಷದವನು ಬರೆದನೆಂಬುದನ್ನು ನಾವು ಹುಡುಗರಿಗೆ ಹೇಳಿರಲಿಲ್ಲ. ಅದು ನಮ್ಮ ತಪ್ಪು.

ಹಾಗೆಂದು ಇನ್ನೊಂದು ಪಕ್ಷದವರನ್ನೇ ನಂಬಿ ಕುಳಿತರೆ ಆದೀತೆ? ಕಿರ್ಮಾನಿಯು ಪಾರಸಿಯಲ್ಲಿ 'ನಿಶಾನ್-ಇ-ಹೈದರಿ'ಯನ್ನು ಬರೆದನು; ಕರ್ನಲ್ ಮೈಲ್ಸ್ ಅದನ್ನು 1842ರಲ್ಲಿ ಇಂಗ್ಲಿಷಿಗೆ ತಂದನು. ಕಿರ್ಮಾನಿಯು ಆ ಮನೆಯ ಉಪ್ಪುಂಡವನು. ಫ್ರೆಂಚ್ ಸೈನಿಕ ದ ಲಾ ತೂರನು ತಾನು ಹೈದರನ ಫಿರಂಗಿದಳದ ಮುಖ್ಯಸ್ಥನಾಗಿದ್ದೆನೆಂದು ಹೇಳಿಕೊಂಡು 1783ರಲ್ಲಿ ಪುಸ್ತಕವನ್ನು ಅಚ್ಚುಹಾಕಿಸಿದನು. ಅದರ ಇಂಗ್ಲಿಷ್ ರೂಪವನ್ನು 1855ರಲ್ಲಿ ತಿದ್ದಿ ಹೊರಡಿಸಿದವನು ಟಿಪ್ಪುವಿನ ಮಗ ಗುಲಾಮ್ ಮಹಮ್ಮದ್! ತಾತನ ಚರಿತ್ರೆಯನ್ನು ಮೊಮ್ಮಗನು ತಿದ್ದಿದ ಮೇಲೆ ಓದುಗನು ಕಣ್ಣು ತೆರೆದಿರಬೇಕಾದುದು ಸಹಜವಷ್ಟೆ.

ಹಾಗಾದರೆ ನಂಬತಕ್ಕದ್ದು ಯಾವುದು? ಬರೆದವನು ತನ್ನ ಪಕ್ಷಕ್ಕೆ ಒಗ್ಗದ ಮಾತನ್ನು ಎಲ್ಲಿ ಒಪ್ಪಿಕೊಳ್ಳುತ್ತಾನೆಂಬುದನ್ನು ನಾವು ಈಗ ಮೊದಲು ಹುಡುಕುತ್ತೇವೆ. 1768ನೆಯ ಅಕ್ಟೋಬರ್ 4ರಂದು ಮುಳಬಾಗಿಲಿನ ಬಳಿ ನಡೆದ ಕದನವನ್ನು ನೋಡಿರಿ. ಕರ್ನಲ್ ವುಡ್ಡನ ದಂಡು ಹೈದರನ ಸೈನ್ಯಕ್ಕೆ ಸಿಕ್ಕಿ ನಾಶವಾಗುವ ಹಂತಕ್ಕೆ ಬಂದಿತ್ತು. ಸಾಮಾನು ಸರಂಜಾಮಿನ ಕಾವಲಿಗಿದ್ದ ಕ್ಯಾಪ್ಟನ್ ಬ್ರೂಕನು ಎರಡು ಫಿರಂಗಿಗಳನ್ನು ಸುತ್ತು ದಾರಿಯಿಂದ ಬಂಡೆಯೊಂದರ ಮೇಲಕ್ಕೆ ಸಾಗಿಸಿ, ಗುಂಡು ಹಾರಿಸುತ್ತ, ಕರ್ನಲ್ ಸ್ಮಿತ್ತನ ಹೆಸರನ್ನು ಗಟ್ಟಿಯಾಗಿ ಕೂಗಿಸಿದನು. ಸ್ಮಿತ್ತನು ಅಲ್ಲಿರಲೇ ಇಲ್ಲ! ಅವನ ದೊಡ್ಡ ದಂಡು ಬಂದಿತೆಂದು ಎರಡು ಕಡೆಯವರೂ ನಂಬಿದರು; ಹೈದರನ ಪಡೆ ಹಿಂಜರಿಯಿತು; ವುಡ್ಡನಿಗೆ ಉಸಿರಾಡಲು ಎಡೆ ದೊರೆಯಿತು. ಇಂಗ್ಲಿಷರನ್ನು ಉಳಿಸಿದ್ದು ಒಂದು ಸುಳ್ಳು ಕೂಗು ಎಂಬುದನ್ನು ಮುಚ್ಚಿಡದೆ ಹೇಳಿದವನು ವಿಲ್ಕ್ಸನೇ. ಇಂಥ ಕಡೆ ಅವನನ್ನು ನಂಬಲು ನಮಗೆ ಅಡ್ಡಿಯಿಲ್ಲ.

ಖಂಡೇರಾಯನ ಪ್ರಕರಣ ಇಷ್ಟು ಸುಲಭವಲ್ಲ. ಹೈದರನ ಆಶ್ರಯದಲ್ಲಿಯೇ ಮೇಲೆ ಬಂದು, 1760ರಲ್ಲಿ ಅರಮನೆಯವರೊಡಗೂಡಿ ಅವನಿಗೆ ತಿರುಗಿಬಿದ್ದವನು ಖಂಡೇರಾಯ. ಮರುವರ್ಷ ಸೋತಾಗ ಅರಮನೆಯ ಸ್ತ್ರೀಯರು ಅವನ ಪ್ರಾಣಭಿಕ್ಷೆಯನ್ನು ಬೇಡಿದರು. ಗಿಳಿಯಂತೆ ಸಾಕುವೆನೆಂದು ಹೈದರನು ಮಾತುಕೊಟ್ಟು, ಮಾತು ತಪ್ಪದೆ, ಕಬ್ಬಿಣದ ಪಂಜರದಲ್ಲಿಟ್ಟು ಹಾಲು ಅನ್ನ ಹಾಕಿಸಿದನಂತೆ. ವೈರಿಯ ಪಕ್ಷದವನು ಹೇಳಿದನೆಂಬ ಒಂದೇ ಕಾರಣಕ್ಕೆ ಇದನ್ನು ಕಟ್ಟುಕಥೆಯೆಂದು ತಳ್ಳಿಹಾಕಿ ನೆಮ್ಮದಿಯಾಗಿರಲು ನಮ್ಮ ಮನಸ್ಸು ಒಪ್ಪುವುದಿಲ್ಲ. ಆದರೆ ಅದೇ ಹೈದರನನ್ನೂ ಅವನ ಅಣ್ಣ ಶಹಬಾಜನನ್ನೂ, ತಂದೆ ಯುದ್ಧದಲ್ಲಿ ಮಡಿದ ಮೇಲೆ, ದೊಡ್ಡಬಳ್ಳಾಪುರದಲ್ಲಿ ಹಣಕ್ಕಾಗಿ ಹಿಂಸಿಸಿದರೆಂದೂ ಚರಿತ್ರಕಾರರು ಬರೆಯುತ್ತಾರೆ. ಅವರಿನ್ನೂ ಎಳೆಯ ಮಕ್ಕಳು. ಇದರಿಂದ ಪಂಜರದ ಕ್ರೌರ್ಯ ಕಡಮೆಯಾಗಲಿಲ್ಲ. ಆದರೂ ಒಂದನ್ನು ಓದಿ ಇನ್ನೊಂದನ್ನು ಬಿಡುವವನನ್ನು ನಾವು ಓದುಗನೆನ್ನಲಾರೆವು.

ಈಗ ಆ ಪ್ರಶ್ನೆಯನ್ನು ಹೊತ್ತು ಬರುವ ಹುಡುಗನ ಕೈಗೆ ನಾವು ಮೊದಲು ಕೊಡುವುದು ವಿಲ್ಕ್ಸನನ್ನಲ್ಲ. ಹೈದರನು ಸತ್ತ ಎರಡೇ ವರ್ಷಕ್ಕೆ, 1784ರಲ್ಲಿ, ಕನ್ನಡದಲ್ಲಿಯೇ ಬರೆದ 'ಹೈದರ್ ನಾಮೆ'ಯನ್ನು ಕೊಡುತ್ತೇವೆ. ಅದನ್ನು ಮುಗಿಸಿ ಬಂದವನಿಗೆ ವಿಲ್ಕ್ಸ್, ಆಮೇಲೆ ಕಿರ್ಮಾನಿ. ಕೆಲವರು ಮೊದಲನೆಯ ಪುಸ್ತಕದೊಡನೆಯೇ ಕಣ್ಮರೆಯಾಗುತ್ತಾರೆ. ಮುಳಬಾಗಿಲಿನ ಕಡೆಯವನೊಬ್ಬನು ಮಾತ್ರ ಮೂರನ್ನೂ ಹಿಂದಿರುಗಿಸಿ, ಬ್ರೂಕನು ಹತ್ತಿದ ಬಂಡೆ ಯಾವುದೆಂದು ಕೇಳಿದನು. ಬರುವ ರಜೆಯಲ್ಲಿ ಇಬ್ಬರೂ ಹೋಗಿ ಹುಡುಕುವುದೆಂದು ನಿಶ್ಚಯಿಸಿದ್ದೇವೆ.