ವಿಸ್ಮೃತ ಸೂಲಗಿತ್ತಿಯರೂ ಚಾರಿತ್ರಿಕ ಕಥೆಯೂ



ತುಮಕೂರು ಸೀಮೆಯು ಹಿರಿಯರ ಹೆಸರುಗಳನ್ನು ಕಾಪಾಡಿಕೊಂಡು ಬಂದ ಸೀಮೆಯು. ‘ಭಾವಚಿಂತಾರತ್ನ’ವನ್ನು ರಚಿಸಿದ ಮಲ್ಲಣಾರ್ಯನಿಂದ ಗುಬ್ಬಿಯೂ, ತೋಂಟದ ಸಿದ್ಧಲಿಂಗಯತಿಗಳ ಗದ್ದುಗೆಯಿಂದ ಕುಣಿಗಲು ತಾಲ್ಲೂಕಿನ ಎಡೆಯೂರೂ ನಾಡಿನಲ್ಲೆಲ್ಲ ವಿಖ್ಯಾತವಾಗಿರುವುವು. ಕವಿಯ ಹೆಸರುಳಿಯಿತು, ಯತಿಯ ಹೆಸರುಳಿಯಿತು, ಕೆರೆಯನ್ನು ಕಟ್ಟಿಸಿದವನ ಹೆಸರು ಶಿಲೆಯ ಮೇಲುಳಿಯಿತು. ಆದರೆ ನಡುರಾತ್ರಿಯಲ್ಲಿ ಕರೆಬಂದೊಡನೆ ಎದ್ದು ಬಂದು, ತಾಯಿಯನ್ನೂ ಮಗುವನ್ನೂ ಉಳಿಸಿಕೊಟ್ಟ ಸೂಲಗಿತ್ತಿಯ ಹೆಸರೆಲ್ಲಿ?

ಶಾಸ್ತ್ರವು ಆಕೆಯನ್ನು ಅರಿಯದಿರಲಿಲ್ಲ. ಪ್ರಸವಕಾಲದಲ್ಲಿ ನಾಲ್ವರು ಸ್ತ್ರೀಯರು ಗರ್ಭಿಣಿಯ ಬಳಿಯಲ್ಲಿರಬೇಕೆಂದು ಸುಶ್ರುತಸಂಹಿತೆಯ ಶಾರೀರಸ್ಥಾನವು ವಿಧಿಸುವುದು. ಅವರು ವಯಸ್ಸಿನಿಂದ ಪಕ್ವರೂ, ಪ್ರಸವಕಾರ್ಯದಲ್ಲಿ ಕುಶಲರೂ, ನಂಬಿಕೆಗೆ ಅರ್ಹರೂ ಆಗಿರಬೇಕು, ಉಗುರುಗಳನ್ನು ಕತ್ತರಿಸಿಕೊಂಡಿರಬೇಕು. ಅಲ್ಲಿ ನಾಲ್ವರ ಲಕ್ಷಣವುಂಟು, ಒಬ್ಬಳ ಹೆಸರೂ ಇಲ್ಲ. ಕನ್ನಡದಲ್ಲಿ ಕೀರ್ತಿವರ್ಮನು ‘ಗೋವೈದ್ಯ’ವನ್ನೂ, ಮಂಗರಾಜನು ವಿಷಚಿಕಿತ್ಸೆಯ ‘ಖಗೇಂದ್ರಮಣಿದರ್ಪಣ’ವನ್ನೂ ರಚಿಸಿದರು. ಶರಣರಲ್ಲಿ ವೈದ್ಯ ಸಂಗಣ್ಣನ ವಚನಗಳು ಉಳಿದಿರುವುವು. ಸೂಲಗಿತ್ತಿಯ ವಿದ್ಯೆಯಾದರೋ ಓಲೆಗೆ ಏರದೆ, ಅಜ್ಜಿಯ ಕೈಯಿಂದ ಮೊಮ್ಮಗಳ ಕೈಗೆ ಇಳಿದು ಬಂದಿತು.

ಈ ಪರಂಪರೆಗೆ ಕಣ್ಣಾರೆ ಕಂಡ ನಿದರ್ಶನವು ಈ ಜಿಲ್ಲೆಯಲ್ಲಿಯೇ ಉಂಟು. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ನರಸಮ್ಮನವರು ಅಕ್ಷರವನ್ನು ಕಲಿತವರಲ್ಲ. ತಮ್ಮ ಅಜ್ಜಿಯಿಂದ ಈ ವಿದ್ಯೆಯನ್ನು ಕಲಿತವರು. ಎಪ್ಪತ್ತು ವರ್ಷಗಳ ಕಾಲ 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಪ್ರತಿಫಲವಿಲ್ಲದೆ ಮಾಡಿಸಿದರೆಂದು ಅವರ ಪ್ರಸಿದ್ಧಿ. 2014ರಲ್ಲಿ ತುಮಕೂರು ವಿಶ್ವವಿದ್ಯಾನಿಲಯವು ಗೌರವ ಡಾಕ್ಟರೇಟನ್ನೂ, 2018ರಲ್ಲಿ ಭಾರತ ಸರ್ಕಾರವು ಪದ್ಮಶ್ರೀಯನ್ನೂ ಇತ್ತುವು. ಅದೇ ವರ್ಷದ ಡಿಸೆಂಬರ್ 25ರಂದು ಅವರು ಕಾಲವಶರಾದರು. ಸಾವಿರಾರು ಮಂದಿ ಸೂಲಗಿತ್ತಿಯರಲ್ಲಿ ಒಬ್ಬರ ಹೆಸರು ಬೆಳಕಿಗೆ ಬಂದಿತು. ಉಳಿದವರ ಕಥೆಯನ್ನು ಹೇಳಬೇಕಾದವನು ಚಾರಿತ್ರಿಕ ಕಾದಂಬರಿಕಾರನು.

ಮರಾಠಿಯಲ್ಲಿ ಶ್ರೀ. ಜ. ಜೋಶಿಯವರು ‘ಆನಂದಿ ಗೋಪಾಳ’ ಎಂಬ ಕಾದಂಬರಿಯನ್ನು ಬರೆದರು. 1886ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ವೈದ್ಯಪದವಿಯನ್ನು ಪಡೆದು, ಮರುವರ್ಷವೇ ಇಪ್ಪತ್ತೊಂದರ ಪ್ರಾಯದಲ್ಲಿ ತೀರಿಕೊಂಡ ಆನಂದಿಬಾಯಿಯ ಕಥೆಯದು. ಆಕೆಯ ಪತ್ರಗಳು ಉಳಿದಿದ್ದುವು. ಸೂಲಗಿತ್ತಿಯು ಪತ್ರಗಳನ್ನು ಬಿಟ್ಟುಹೋದವಳಲ್ಲ. ಆದುದರಿಂದ ಆಕೆಯ ಕಥೆಯನ್ನು ಬರೆಯುವವನಿಗೆ ಆಕೆಯ ಕೆಲಸವೇ ಆಧಾರವಾಗತಕ್ಕದ್ದು. ಹರಳೆಣ್ಣೆ, ಬಿಸಿನೀರು, ಹೊಕ್ಕುಳಬಳ್ಳಿ, ಮಾಸು ಬೀಳುವವರೆಗಿನ ಕಾತರ, ಬಾಣಂತಿಯ ಪಥ್ಯ, ಇವುಗಳನ್ನು ಅರಿಯದೆ ಅರಮನೆಯ ಒಳಸಂಚನ್ನೂ ಪ್ರೇಮಪ್ರಸಂಗವನ್ನೂ ಕಟ್ಟಿದರೆ ಆಕೆಯು ಎರಡನೆಯ ಸಾರಿ ವಿಸ್ಮೃತಳಾಗುವಳು. ಆಕೆಯನ್ನು ದೇವತೆಯನ್ನಾಗಿ ಮಾಡುವುದೂ, ಮಾಟಗಾತಿಯನ್ನಾಗಿ ಮಾಡುವುದೂ ಸಮಾನ ದೋಷಗಳೇ; ಎರಡರಲ್ಲಿಯೂ ಆಕೆಯ ಕೌಶಲವು ಮರೆಯಾಗುವುದು.

ಕಹಿಯಾದುದನ್ನೂ ಮುಚ್ಚಬಾರದು. ಹೆರಿಗೆಯು ಹೆಣ್ಣಿಗೆ ಮರುಹುಟ್ಟೆಂಬ ಮಾತು ಸುಮ್ಮನೆ ಹುಟ್ಟಿದುದಲ್ಲ. ಅಡ್ಡ ತಿರುಗಿದ ಕೂಸು, ನಿಲ್ಲದ ರಕ್ತಸ್ರಾವ, ಬಾಣಂತಿಯ ನಂಜು, ಇವುಗಳ ಮುಂದೆ ಎಷ್ಟು ನಿಪುಣವಾದ ಕೈಯಾದರೂ ಸೋತುದುಂಟು. ಇಂದು ಹೆರಿಗೆಗಳು ಬಹುಮಟ್ಟಿಗೆ ಆಸ್ಪತ್ರೆಗಳಲ್ಲಿಯೇ ಆಗುತ್ತಿರುವುದೂ ಅನೇಕ ತಾಯಂದಿರು ಬದುಕಿರುವುದೂ ಸಂತೋಷದ ಸಂಗತಿಯೇ. ಸೂಲಗಿತ್ತಿಯನ್ನು ಗೌರವಿಸುವುದಕ್ಕಾಗಿ ಆಸ್ಪತ್ರೆಯನ್ನು ಹಳಿಯಬೇಕಾದುದಿಲ್ಲ.

ಇನ್ನೊಂದು ಕಹಿಯೂ ಉಂಟು. ನೋವು ಬಂದಾಗ ಒಳಮನೆಗೆ ಕರೆಯಲ್ಪಟ್ಟವಳೇ, ಪುರುಡು ಕಳೆದ ಬಳಿಕ ಎಷ್ಟೋ ಕಡೆ ಜಗುಲಿಯ ಕೆಳಗೆ ನಿಂತು ಕಾಳನ್ನು ಪಡೆದಳು. ಮಗುವನ್ನು ಮೊದಲು ಮುಟ್ಟಿದ ಕೈಯನ್ನೇ ಮನೆಯವರು ಮುಟ್ಟಲೊಲ್ಲದೆ ಹೋದರು. ಜನನಸೂತಕವನ್ನೂ ಜಾತಿಸೂತಕವನ್ನೂ ನಿರಾಕರಿಸಿದ ಶರಣರ ನಾಡಿನಲ್ಲಿ ಇದು ನಡೆಯಿತೆಂಬುದನ್ನು ಕಥೆಗಾರನು ಬರೆಯದಿದ್ದರೆ ಆತನ ಕಥೆಯು ಸುಂದರವಾಗಬಹುದು, ಸತ್ಯವಾಗಲಾರದು.

ಆದುದರಿಂದ ತರುಣ ಲೇಖಕರು ಗ್ರಂಥಭಂಡಾರಕ್ಕೆ ಹೋಗುವುದಕ್ಕೆ ಮುಂಚೆ ಗುಬ್ಬಿ, ಕುಣಿಗಲು, ಪಾವಗಡಗಳ ಹಳ್ಳಿಗಳಿಗೆ ಹೋಗಲಿ. ಅಲ್ಲಿಯ ವೃದ್ಧೆಯರನ್ನು, “ಅವ್ವಾ, ನಿಮ್ಮ ಮಕ್ಕಳನ್ನು ಎತ್ತಿಕೊಂಡವರು ಯಾರು?” ಎಂದು ಕೇಳಲಿ; ಆ ಹೆಸರನ್ನು, ಆ ಕೈಗುಣವನ್ನು ಬರೆದುಕೊಳ್ಳಲಿ. ಗ್ರಂಥವು ಇನ್ನು ನೂರು ವರ್ಷ ಕಾದೀತು. ಆ ತಾಯಂದಿರ ನೆನಪು ಕಾಯಲಾರದು.