ಗುಜರಿಗೆ ಹೋಗದ ಎರಡು ಸಾಮಾನು



ಅಪ್ಪ ತೀರಿಕೊಂಡ ಮೇಲೆ ಹೊಲದ ಶೆಡ್ಡು ಖಾಲಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಎರಡು ಪವರ್ ಟಿಲ್ಲರ್, ಒಂದು ಡೀಸೆಲ್ ಎಂಜಿನ್, ಕೂರಿಗೆ, ಎಡೆಕುಂಟೆ, ಕಬ್ಬಿಣದ ನೇಗಿಲು, ತುಕ್ಕು ಹಿಡಿದ ಬೋಲ್ಟಿನ ಡಬ್ಬಿಗಳು. ಗುಜರಿಯವರು ತಕ್ಕಡಿ ಸಮೇತ ಬಂದಿದ್ದರು. ಅವರಿಗೆ ಎಲ್ಲವೂ ಕಿಲೋ ಲೆಕ್ಕ.

ಟಿಲ್ಲರ್‌ಗಳನ್ನು ಕೊಟ್ಟೆ. ಅವುಗಳ ಒಳಗಿನ ಭಾಗಗಳು ಎಂದೋ ನೆರೆಯವರ ಟಿಲ್ಲರ್ ಸೇರಿದ್ದವು. ನೇಗಿಲನ್ನು ಕೊಡಲಿಲ್ಲ. ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಶುರು ಮಾಡಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1903ರಲ್ಲಿ ಕಬ್ಬಿಣದ ನೇಗಿಲು ಮಾಡಿದಾಗ, ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆಂದು ರೈತರು ಹಿಂಜರಿದರಂತೆ. ನಮ್ಮ ಮನೆಗೆ ಅದು ಬಂದದ್ದು ಅಜ್ಜನ ಕಾಲಕ್ಕೆ.

ಎಂಜಿನ್ ಜಾಮ್ ಆಗಿತ್ತು. ಸಿಲಿಂಡರಿಗೆ ಡೀಸೆಲ್ ಸುರಿದು ಮೂರು ದಿನ ಬಿಟ್ಟೆ. ಫ್ಲೈವೀಲನ್ನು ಮೆಲ್ಲಗೆ ಹಿಂದೆ ಮುಂದೆ ಒತ್ತಿದಾಗ ಅಲುಗಿತು. ಇಂಥಲ್ಲಿ ಸುತ್ತಿಗೆ ಎತ್ತಬಾರದು, ಪಿಸ್ಟನ್ ಹೋಗುತ್ತದೆ. ಡಿಕಂಪ್ರೆಷನ್ ಲಿವರ್ ಎತ್ತಿ, ಹ್ಯಾಂಡಲ್ ತಿರುವಿ, ವೇಗ ಬಂದಾಗ ಲಿವರ್ ಬಿಟ್ಟೆ. ನಾಲ್ಕನೆಯ ಸಲಕ್ಕೆ ಟಕ್ ಟಕ್ ಎಂದಿತು. "ಅಣ್ಣಾ, ಮಾರಿದ್ರ ಡೀಸೆಲ್ ಖರ್ಚರ ಉಳೀತಿತ್ತು" ಎಂದ ತಮ್ಮ. ಅಂದವನು ಎಂಜಿನ್ ನಿಲ್ಲುವ ತನಕ ಅಲ್ಲಿಂದ ಕದಲಲಿಲ್ಲ. ರಾತ್ರಿ ಅಪ್ಪ ಕಬ್ಬಿಗೆ ನೀರು ಹಾಯಿಸುವಾಗ ನಾವಿಬ್ಬರೂ ನಿದ್ದೆಗಣ್ಣಲ್ಲಿ ಕೇಳುತ್ತಿದ್ದ ಸದ್ದು ಅದು.

ನಾವು ಇಲ್ಲಿ ಜಡತ್ವವನ್ನು ಕಪ್ಪುಹಲಗೆಯ ಮೇಲಷ್ಟೇ ಕಲಿತೆವು. ಎಂಜಿನ್, ನೇಗಿಲು ಎರಡನ್ನೂ ಶಾಲೆಗೆ ಕೊಡುತ್ತಿದ್ದೇನೆ. ವಿಜ್ಞಾನ ಕೊಠಡಿಯ ಹಿಂದಿನ ಬಯಲಲ್ಲಿ ಕಟ್ಟೆ ಕಟ್ಟಿಸುವ ಖರ್ಚೂ ನನ್ನದೇ. ಹ್ಯಾಂಡಲ್ ಮಾತ್ರ ಮಾಸ್ತರರ ಕಪಾಟಿನಲ್ಲಿರಲಿ. ಎಂಜಿನ್ ಹಿಂದಕ್ಕೆ ಒದ್ದರೆ ಕೈ ಮುರಿಯುತ್ತದೆ, ಮಕ್ಕಳೆ.