‘ಆಗಿಬರುವುದಿಲ್ಲ’ ಎಂದರೆ ಏನು? ಚಿಕ್ಕ ಮಕ್ಕಳ ಆಹಾರ ಅಲರ್ಜಿ

(ಸಂಘದ ಪೋಷಕರ ಹಾಗೂ ಶಿಕ್ಷಕರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು ವೈದ್ಯೆಯಲ್ಲ. ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕಿ. ಈ ವಿಷಯದ ಮೇಲೆ ಮಾತನಾಡಲು ನನಗೇನು ಅರ್ಹತೆ ಎಂದು ತಾವು ಕೇಳಬಹುದು. ಒಂದು ತಪ್ಪು ಮಾಡಿದ್ದೇನೆ, ಅದೇ ನನ್ನ ಅರ್ಹತೆ.

ಕೆಲವು ವರ್ಷಗಳ ಹಿಂದೆ, ನಾನು ಆಗ ಕೆಲಸ ಮಾಡುತ್ತಿದ್ದ ಶಾಲೆಯಲ್ಲಿ ಈದ್ ಮಿಲನ್ ಇತ್ತು. ಒಂದನೇ ತರಗತಿಯ ಒಬ್ಬ ಹುಡುಗಿಯನ್ನು ಬಿಡಲು ಬಂದ ಅವಳ ದಾದಿ ಬಾಗಿಲಲ್ಲೇ ನಿಂತು, “ಕಾಜೂ ನಕ್ಕೋ ದೇವ್ ಟೀಚರ್, ಬಚ್ಚೀಕು ಮಾಫಿಕ್ ನೈ ಆತಾ” ಎಂದರು. ನಾನು ನಕ್ಕು ತಲೆಯಾಡಿಸಿದೆ. ಅಜ್ಜಿಯ ಮುದ್ದು ಎಂದುಕೊಂಡೆ. ಮಧ್ಯಾಹ್ನ ಎಲ್ಲ ಮಕ್ಕಳಿಗೂ ಶೀರ್ ಖುರ್ಮಾ ಬಡಿಸಿದೆವು. ಹತ್ತು ನಿಮಿಷ ಆಗಿರಲಿಲ್ಲ, ಆ ಹುಡುಗಿ ನಾಲಿಗೆಯನ್ನು ಹಲ್ಲಿಗೆ ಉಜ್ಜತೊಡಗಿದಳು. “ಚುಚ್ಚುತ್ತೆ ಟೀಚರ್” ಎಂದಳು. ಪಾಯಸ ಬಿಸಿ ಇದ್ದಿರಬೇಕೆಂದು ನೀರು ಕೊಟ್ಟೆ. ಆಮೇಲೆ ಕತ್ತಿನ ಮೇಲೆ ದದ್ದು ಎದ್ದವು. ಯಾರೋ ಪಿತ್ತ ಎಂದರು, ಯಾರೋ ನಿಂಬೆಹಣ್ಣು ತಂದರು. ತುಟಿ ಊದಿತು, ಕೆಮ್ಮು ಬಂತು, ದನಿ ಒಡೆಯಿತು. ಕೊನೆಗೆ ಮಾತೇ ನಿಲ್ಲಿಸಿ ನನ್ನ ತೋಳಿಗೆ ಒರಗಿದಳು. ಆಗ ನನಗೆ ಭಯವಾಯಿತು. ಆಟೋದಲ್ಲಿ ಆಸ್ಪತ್ರೆಗೆ ಹೋದೆವು. ವೈದ್ಯರು ಒಂದು ಮಾತನ್ನೂ ಆಡದೆ ಮೊದಲು ತೊಡೆಗೆ ಇಂಜೆಕ್ಷನ್ ಕೊಟ್ಟರು. ಆಮೇಲೆ, “ಎಷ್ಟು ಹೊತ್ತಾಯಿತು?” ಎಂದು ಕೇಳಿದರು. ನಿಂಬೆಹಣ್ಣಿಗಾಗಿ ಕಳೆದ ಸಮಯವನ್ನು ಸೇರಿಸಿ ಹೇಳಲು ನನಗೆ ನಾಲಿಗೆ ಬರಲಿಲ್ಲ. ಮಗು ಉಳಿಯಿತು, ಅಲ್ಲಾಹನ ಕೃಪೆ.

ಅಂದಿನಿಂದ ನನ್ನನ್ನು ಕಾಡುತ್ತಿರುವುದು ಆ ಅಜ್ಜಿಯ ಮಾತು. ‘ಮಾಫಿಕ್ ನೈ ಆತಾ’ ಎನ್ನುತ್ತೇವೆ, ಕನ್ನಡದಲ್ಲಿ ‘ಆಗಿಬರುವುದಿಲ್ಲ’, ‘ಒಗ್ಗುವುದಿಲ್ಲ’ ಎನ್ನುತ್ತೇವೆ. ಮಗುವಿಗೆ ರುಚಿ ಹಿಡಿಸದಿದ್ದರೂ ಇದೇ ಮಾತು, ಹೊಟ್ಟೆ ಉಬ್ಬರಿಸಿದರೂ ಇದೇ ಮಾತು, ಉಷ್ಣವಾಗುತ್ತದೆ ಎನ್ನಲೂ ಇದೇ, ಪ್ರಾಣಕ್ಕೆ ಬರುವ ಅಲರ್ಜಿಗೂ ಇದೇ. ಹಾಗಾಗಿ ಯಾರಾದರೂ ‘ಆಗಿಬರುವುದಿಲ್ಲ’ ಎಂದರೆ ಮುಂದಿನ ಪ್ರಶ್ನೆಯನ್ನು ಕೇಳಲೇಬೇಕು: ತಿಂದರೆ ಏನಾಗುತ್ತದೆ? ಎಷ್ಟು ಹೊತ್ತಿಗೆ ಆಗುತ್ತದೆ?

ಹಾಲು ಕುಡಿದ ಮೇಲೆ ಹೊಟ್ಟೆ ಗುಡುಗುಡು ಎಂದು ಭೇದಿಯಾದರೆ ಅದು ಹೆಚ್ಚಾಗಿ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಜೀರ್ಣವಾಗದ ತೊಂದರೆ. ಸಂಕಟವೇ ಹೊರತು ಅಪಾಯವಲ್ಲ. ಅಲರ್ಜಿ ಬೇರೆ. ದೇಹದ ರಕ್ಷಣಾ ವ್ಯವಸ್ಥೆ ಆಹಾರದಲ್ಲಿನ ಪ್ರೋಟೀನನ್ನು ಶತ್ರುವೆಂದು ತಪ್ಪಾಗಿ ತಿಳಿದು ಅದರ ಮೇಲೆ ಬೀಳುತ್ತದೆ. ಸಾಮಾನ್ಯವಾಗಿ ಕೆಲವು ನಿಮಿಷಗಳಿಂದ ಎರಡು ಗಂಟೆಯೊಳಗೆ ಲಕ್ಷಣ ಕಾಣಿಸುತ್ತದೆ. ಚೂರು ತಿಂದರೂ ಸಾಕು. ಹಸುವಿನ ಹಾಲಿನ ಅಲರ್ಜಿ ಇರುವ ಮಗುವಿಗೆ ಮೇಕೆ ಹಾಲು ಕೊಡಿ ಎಂದು ಹಿರಿಯರು ಹೇಳುವುದುಂಟು. ಅದನ್ನು ದಯವಿಟ್ಟು ಕೇಳಬೇಡಿ. ಎರಡರ ಪ್ರೋಟೀನುಗಳೂ ಬಹಳ ಹೋಲುತ್ತವೆ, ಅಂಥ ಮಕ್ಕಳಲ್ಲಿ ಹೆಚ್ಚಿನವರಿಗೆ ಮೇಕೆ ಹಾಲೂ ತೊಂದರೆ ಕೊಡುತ್ತದೆ. ಗೋಡಂಬಿ ಮತ್ತು ಪಿಸ್ತಾ ಕೂಡ ಒಂದೇ ಸಸ್ಯ ಕುಟುಂಬದವು. ಒಂದು ಆಗದವರಿಗೆ ಇನ್ನೊಂದೂ ಆಗದಿರುವ ಸಂಭವ ಹೆಚ್ಚು.

ಹಾಗೆಂದು ಎಲ್ಲದಕ್ಕೂ ಹೆದರಬೇಕಾಗಿಲ್ಲ. ನಮ್ಮ ಬೆಂಗಳೂರು ಮತ್ತು ಮೈಸೂರು ಭಾಗದಲ್ಲೇ ವಯಸ್ಕರ ಮೇಲೆ ನಡೆದ ದೊಡ್ಡ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ರಕ್ತ ಪರೀಕ್ಷೆಯಲ್ಲಿ ಯಾವುದಾದರೊಂದು ಆಹಾರಕ್ಕೆ ‘ಪಾಸಿಟಿವ್’ ಬಂದವರು ನೂರಕ್ಕೆ 26ರಷ್ಟು. ನಿಜವಾಗಿ ಅಲರ್ಜಿ ಇರುವ ಸಂಭವ ಕಂಡದ್ದು ನೂರಕ್ಕೆ ಸುಮಾರು 1 ಮಂದಿಗೆ ಮಾತ್ರ. ಇದರ ಅರ್ಥವೇನು? ಹತ್ತಾರು ಪದಾರ್ಥಗಳ ಪಟ್ಟಿಯ ರಕ್ತ ಪರೀಕ್ಷೆ ಮಾಡಿಸಿ, ಆ ಕಾಗದ ನೋಡಿ ಮಗುವಿಗೆ ಹಾಲು, ಮೊಟ್ಟೆ, ಗೋಧಿ ಎಲ್ಲವನ್ನೂ ನಿಲ್ಲಿಸಿದರೆ ಮಗು ಸೊರಗುತ್ತದೆ, ಅಷ್ಟೆ. ತಿಂದಾಗ ಏನಾಯಿತು ಎಂಬ ತಾಯಿಯ ವಿವರಣೆ ಮೊದಲು, ಪರೀಕ್ಷೆ ಆಮೇಲೆ. ಹಾಲು, ಮೊಟ್ಟೆಯ ಅಲರ್ಜಿ ಅನೇಕ ಮಕ್ಕಳಲ್ಲಿ ಬೆಳೆಯುತ್ತಾ ತಾನೇ ಹೋಗುತ್ತದೆ. ಶೇಂಗಾ, ಗೋಡಂಬಿಯದು ಅಷ್ಟು ಸುಲಭವಾಗಿ ಹೋಗುವುದಿಲ್ಲ. ಹೋಗಿದೆಯೇ ಎಂದು ವೈದ್ಯರ ಎದುರಿನಲ್ಲೇ ನೋಡಬೇಕು, ಮನೆಯಲ್ಲಿ ಪ್ರಯೋಗ ಬೇಡ.

ಎಳೆಗೂಸುಗಳ ತಾಯಂದಿರಿಗೆ ಒಂದು ಮಾತು. ಶೇಂಗಾದಂಥವನ್ನು ಮೂರು ವರ್ಷದವರೆಗೆ ಕೊಡಬೇಡಿ ಎಂದು ಹಿಂದೆ ವೈದ್ಯರೇ ಹೇಳುತ್ತಿದ್ದರು. 2015ರಲ್ಲಿ ಲಂಡನ್ನಿನ ಒಂದು ಅಧ್ಯಯನ ಇದನ್ನು ತಲೆಕೆಳಗು ಮಾಡಿತು. ತೀವ್ರ ಇಸುಬು ಅಥವಾ ಮೊಟ್ಟೆ ಅಲರ್ಜಿ ಇದ್ದ 640 ಕೂಸುಗಳಲ್ಲಿ ಅರ್ಧದಷ್ಟಕ್ಕೆ ವರ್ಷದೊಳಗೇ ಶೇಂಗಾ ಕೊಡತೊಡಗಿದರು, ಉಳಿದವಕ್ಕೆ ಕೊಡಲಿಲ್ಲ. ಐದು ವರ್ಷ ತುಂಬಿದಾಗ ಕೊಡದವರಲ್ಲಿ ನೂರಕ್ಕೆ ಸುಮಾರು 17 ಮಕ್ಕಳಿಗೆ ಶೇಂಗಾ ಅಲರ್ಜಿ ಇತ್ತು, ಕೊಟ್ಟವರಲ್ಲಿ ಸುಮಾರು 3 ಮಕ್ಕಳಿಗೆ. ಆರು ತಿಂಗಳ ನಂತರ ಮೇಲಾಹಾರದ ಜೊತೆ ನುಣ್ಣಗೆ ಅರೆದು ತೆಳ್ಳಗೆ ಮಾಡಿ ಸ್ವಲ್ಪ ಸ್ವಲ್ಪ ಕೊಡಬಹುದು. ಇಡೀ ಕಾಳು ಮಾತ್ರ ಬೇಡ, ಉಸಿರುನಾಳಕ್ಕೆ ಸಿಕ್ಕಿಕೊಳ್ಳುತ್ತದೆ. ಇಸುಬು ತೀವ್ರವಾಗಿದ್ದರೆ ಮೊದಲು ವೈದ್ಯರನ್ನು ಕೇಳಿ.

ಇನ್ನು ನಮ್ಮ ಅಡುಗೆಮನೆ. ಕುರ್ಮಾದ ಗ್ರೇವಿಯಲ್ಲಿ ಗೋಡಂಬಿ ಅರೆದಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಬಗಾರ ಬೈಂಗನ್‌ನಲ್ಲಿ ಶೇಂಗಾ, ಎಳ್ಳು ಎರಡೂ ಉಂಟು. ಬಿರಿಯಾನಿಯ ಮೇಲಿನ ಗೋಡಂಬಿಯನ್ನು ತೆಗೆದು ಬಡಿಸಿದರೆ ಸಾಲದು. ಮದುವೆ ಮನೆಯಲ್ಲಿ ಒಂದೇ ಸೌಟು ಎಲ್ಲ ಪಾತ್ರೆಗಳಿಗೂ ಓಡಾಡುವುದನ್ನು ನಾವೆಲ್ಲ ನೋಡಿದ್ದೇವೆ. ಅಂಗಡಿಯ ಪೊಟ್ಟಣಗಳ ಮೇಲೆ ಹಾಲು, ಮೊಟ್ಟೆ, ಮೀನು, ಸಿಗಡಿ, ಶೇಂಗಾ, ಗೋಡಂಬಿ ಬಾದಾಮಿಯಂಥ ಬೀಜಗಳು, ಸೋಯಾ, ಗೋಧಿ ಇದ್ದರೆ ನಮೂದಿಸಬೇಕೆಂದು 2020ರ ಆಹಾರ ಲೇಬಲ್ ನಿಯಮ ಹೇಳುತ್ತದೆ. ಓದು ಬಲ್ಲ ಅಕ್ಕ ಅಣ್ಣಂದಿರು ಮನೆಯಲ್ಲಿ ಇದನ್ನು ಓದಿ ಹೇಳಬೇಕು. ವಿದ್ಯಾರ್ಥಿಗಳೇ, ಈ ಕೆಲಸ ನಿಮ್ಮದು.

ಶಾಲೆಯಲ್ಲಿ 2013ರಿಂದ ಕ್ಷೀರಭಾಗ್ಯದ ಹಾಲು ಇದೆ, ಆಮೇಲೆ ಬಿಸಿಯೂಟದ ಜೊತೆ ಮೊಟ್ಟೆಯೂ ಬಂತು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು, ಕೆಲವು ವರ್ಷ ಶೇಂಗಾ ಚಿಕ್ಕಿಯನ್ನೂ ಕೊಡುತ್ತಿದ್ದರು. ಮೊಟ್ಟೆ ಆಗದ ಮಗುವಿನ ಕೈಗೆ ಚಿಕ್ಕಿ ಇಡುವಾಗ ಶೇಂಗಾ ಆಗುತ್ತದೆಯೇ ಎಂದು ನಾವ್ಯಾರೂ ಕೇಳಲಿಲ್ಲ. ಈಗ ನನ್ನ ತರಗತಿಯ ಹಾಜರಿ ಪುಸ್ತಕದ ಮೊದಲ ಪುಟದಲ್ಲಿ ಒಂದು ಕಾಗದ ಅಂಟಿಸಿದ್ದೇನೆ. ಮಗುವಿನ ಹೆಸರು, ಯಾವ ಆಹಾರ, ತಿಂದರೆ ಏನಾಗುತ್ತದೆ, ಯಾರಿಗೆ ಫೋನ್ ಮಾಡಬೇಕು. ಅದರ ಒಂದು ಪ್ರತಿ ಅಡುಗೆಯವರ ಬಳಿ ಇದೆ.

ಅಲರ್ಜಿ ಕಾಣಿಸಿದಾಗ ಏನು ಮಾಡಬೇಕು? ಬರೀ ನಾಲ್ಕು ದದ್ದು ಎದ್ದಿದ್ದರೆ ವೈದ್ಯರು ಹೇಳಿದ ಅಲರ್ಜಿ ಸಿರಪ್ ಕೊಟ್ಟು, ಮಗುವನ್ನು ಕಣ್ಣೆದುರಿನಲ್ಲೇ ಇಟ್ಟುಕೊಳ್ಳಿ. ದನಿ ಬದಲಾದರೆ, ಕೆಮ್ಮು ಅಥವಾ ಉಬ್ಬಸ ಬಂದರೆ, ನಾಲಿಗೆ ಊದಿದರೆ, ಮತ್ತೆ ಮತ್ತೆ ವಾಂತಿಯಾದರೆ, ಮಗು ಮಂಕಾಗಿ ಜೋತುಬಿದ್ದರೆ ಸಿರಪ್ಪಿಗೆ ಕಾಯಬೇಡಿ. ಅದರಿಂದ ತುರಿಕೆ ಇಳಿಯುತ್ತದೆ, ಉಸಿರು ಉಳಿಯುವುದಿಲ್ಲ. ಆಗ ಬೇಕಾದದ್ದು ತೊಡೆಯ ಹೊರಬದಿಯ ಸ್ನಾಯುವಿಗೆ ಅಡ್ರಿನಾಲಿನ್. ಅದು ದೇಶದ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ. 108ಕ್ಕೆ ಕರೆ ಮಾಡಿ, ಇಲ್ಲವೇ ಸಿಕ್ಕ ವಾಹನದಲ್ಲಿ ಹತ್ತಿರದ ಆಸ್ಪತ್ರೆಗೆ ಹೋಗಿ. ಒಳಗೆ ಕಾಲಿಡುತ್ತಲೇ ‘ಆಹಾರದ ಅಲರ್ಜಿ’ ಎಂದು ಹೇಳಿ, ಸಾಲಿನಲ್ಲಿ ನಿಲ್ಲಬೇಡಿ. ದಾರಿಯಲ್ಲಿ ಮಗುವನ್ನು ನಡೆಸಬೇಡಿ. ಮಲಗಿಸಿ ಕಾಲು ಎತ್ತರಿಸಿ, ಉಸಿರಾಟ ಕಷ್ಟವಾದರೆ ಕೂರಿಸಿಕೊಳ್ಳಿ. ಚೇತರಿಸಿದ ಮೇಲೂ ಕೆಲವು ಗಂಟೆ ಅಲ್ಲೇ ಇರಬೇಕು, ಏಕೆಂದರೆ ಎರಡನೇ ಸಲ ಮರುಕಳಿಸುವುದುಂಟು.

ಆ ಹುಡುಗಿ ಈಗ ದೊಡ್ಡವಳಾಗಿದ್ದಾಳೆ. ಕಳೆದ ಈದ್‌ಗೆ ಅವರ ಮನೆಗೆ ಹೋಗಿದ್ದೆ. ಅವರ ಮನೆಯ ಖುರ್ಮಾದಲ್ಲಿ ಈಗ ಶಾವಿಗೆ, ಹಾಲು, ಖರ್ಜೂರ ಅಷ್ಟೇ. ದಾದಿ ಬಟ್ಟಲು ಕೊಡುವ ಮೊದಲು ನನ್ನ ಮುಖ ನೋಡಿ, “ಟೀಚರ್, ತುಮಾರೆಕು ಕ್ಯಾ ಮಾಫಿಕ್ ನೈ ಆತಾ?” ಎಂದು ಕೇಳಿದರು.